ತಬಿತಮ್ಮನ ಮನೆಯ ಹೆಪ್ಪು

ಹತ್ತಿರ ಬಾ. ಬಾಗಿಲು ಮುಂದಕ್ಕೆ ಮಾಡು, ಪಕ್ಕದ ಮನೆ ತಬಿತಮ್ಮನಿಗೆ ಕೇಳಿಸಬಾರದು. ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ, ನಿನ್ನ ಮಕ್ಕಳಾಣೆ. ಬಿಟ್ಟರೆ ನಾನು ಹೇಳೇ ಇಲ್ಲ ಅಂತೀನಿ.

ಮೊನ್ನೆ ಡಂಗುರ ಹೊಡೆದರಲ್ಲ? "ಕೇಳಿರಪ್ಪೋ ಕೇಳಿರಿ! ಗಿದ್ಯೋನ ಅರಸರ ಮನೆಯ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ನೊವೊಮಿಯೂ ಅರ್ಧ ರಾಜ್ಯವೂ! ತಪ್ಪಿದವನಿಗೆ ಶೂಲ!" ಜನ ಅದನ್ನು ರಾಜಠೀವಿ ಅಂದುಕೊಂಡರು. ಠೀವಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಗಂಡಹೆಂಡಿರ ಜಗಳ ಅದು. ಅರಮನೆಯ ಅಂಗಳ ಸಾರಿಸೋಳು ನಾನು, ನನಗೆ ಗೊತ್ತಿಲ್ಲವೇ?

ಅರಸರು ಹಳೇ ಸಭೆಯವರು, ಅಂದರೆ ಊರಿನ ಹಳೇ ಚರ್ಚಿನವರು. ರಾಣಿ ಯೂನಿಕಮ್ಮನೂ ಹಾಗೇ ಇದ್ದಳು. ಬಿಳಿ ಅಂಗಿ ತೊಟ್ಟು, ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡ ಇಬ್ಬರು ಮತಪ್ರಚಾರದ ಹುಡುಗರು ಬಂದು ಹೋದರು ನೋಡು, ಇವಳು ಮೊರ್ಮನ್ ಸಭೆ ಸೇರಿ, ಹೊಸದಾಗಿ ನೀರಲ್ಲಿ ಮುಳುಗಿ ಎದ್ದಳು. ಆ ಹೊಸ ಸಭೆಯವರು ಕಾಫಿ ಮುಟ್ಟಬಾರದಂತೆ, ಅಂದಿನಿಂದ ಅರಮನೆಯಲ್ಲಿ ಕಾಫಿ ಬಂದ್! ಬಂದವರಿಗೆ ಬರೀ ಬಿಸಿನೀರು.

ಅದನ್ನಾದರೂ ಸಹಿಸಬಹುದು. ಊಟಕ್ಕೆ ಕೂತರೆ ಶುರು. "ರಕ್ಷಣೆ ಬರೀ ಕೃಪೆಯಿಂದ. ನಂಬಿದರೆ ಸಾಕು, ನಮ್ಮ ಕ್ರಿಯೆ ಲೆಕ್ಕಕ್ಕಿಲ್ಲ" ಅಂತ ಅರಸರು. "ಕೃಪೆ ಬೇಡ ಅಂದವರಾರು? ನಮ್ಮ ಕೈಲಾದದ್ದೆಲ್ಲ ಮಾಡಬೇಕು. ದೀಕ್ಷಾಸ್ನಾನ ಆಗಬೇಕು, ಆಜ್ಞೆ ನಡೆಸಬೇಕು" ಅಂತ ಇವಳು. "ಹಾಗಾದರೆ ಕ್ರಿಸ್ತ ಅರ್ಧ ಕೆಲಸ ಮಾಡಿ ಬಿಟ್ಟನೇನೆ?" "ಹಾಗಾದರೆ ನಂಬಿಬಿಟ್ಟು ಗೊರಕೆ ಹೊಡೀಬಹುದೇನ್ರೀ?" ಥೂ! ಸಾರು ತಣ್ಣಗಾಗಿ ಕೆನೆಗಟ್ಟುತ್ತಿತ್ತು.

ಕೊನೆಗೆ ಅರಸರೇ ಅಂದರು: "ನಮ್ಮಿಬ್ಬರ ಬಾಯಿ ಮುಚ್ಚಿಸಿದವನೇ ಅಳಿಯ. ಒಂದು ಒಗಟು ನನ್ನದು, ಒಂದು ನಿನ್ನದು, ಒಂದು ಮಗಳದು." ಜಗಳ ಇವರದು, ಶೂಲ ಕಂಡವರ ಮಕ್ಕಳಿಗೆ!

ಮೊದಲು ಬಂದವನು ಹಳೇ ಸಭೆಯ ಉಪದೇಶಿಯ ಮಗ ಸ್ತೆಫನಪ್ಪ. ಅರಸರು ಕೇಳಿದರು: "ಹುಟ್ಟಿದವರಿಗೆಲ್ಲ ಬಿಟ್ಟಿಯಾಗಿ ಬರುತ್ತದೆ. ದುಡಿದು ಗಳಿಸಿದೆ ಅನ್ನೋನು ಸುಳ್ಳುಗಾರ. ಆದರೂ ತಾನೇ ಬಾಯಿ ಹಚ್ಚದಿದ್ದರೆ ಉಳಿಯೋದಿಲ್ಲ. ಏನದು?"

"ನಂಬಿಕೆ!" ಅಂತ ಎದೆ ಸೆಟೆಸಿದ.

"ನಂಬಿಕೆಗೆ ಬಾಯಿ ಹಚ್ತಾರೇನೋ?" ಅಂತ ಸೆರೆಗೆ ತಳ್ಳಿದರು.

ಆಮೇಲೆ ಹೊಸ ಸಭೆಯ ಹೀರಾಮ, ಕ್ರಾಪು ತೀಡಿಕೊಂಡು ಬಂದ. ಅದೇ ಒಗಟು. "ದೀಕ್ಷಾಸ್ನಾನ!" ಅಂದ. ರಾಣಿಯೇ ಹಣೆ ಚಚ್ಚಿಕೊಂಡಳು: "ಅದನ್ನು ಕುಡೀತಾರೇನೋ ದಡ್ಡಾ?" ಅವನಿಗೂ ಸೆರೆ. ಭಾನುವಾರ ಆರಾಧನೆ ಮುಗಿದ ಮೇಲೆ ಇಬ್ಬರಿಗೂ ಶೂಲ ಅಂತ ಗೊತ್ತುಮಾಡಿದರು. ಆರಾಧನೆ ಮುಗಿದ ಮೇಲೆ, ಗಮನಿಸು!

ಆಗ ಹೊರಟವನೇ ಈ ತಬಿತಮ್ಮನ ಮಗ ಯೋತಾಮ, ಕತ್ತೆ ಮೇಲೆ ಉಪ್ಪು ಹೇರಿ ಮಾರೋನು. ಅವನ ಅಪ್ಪ ಹಳೇ ಸಭೆ, ಅವ್ವ ಹೊಸ ಸಭೆ. ಅಲ್ಲೂ ದಿನಾ ಇದೇ ರಾಮಾಯಣ. ತಬಿತಮ್ಮ ಕಾಫಿ ಬಿಟ್ಟಿದ್ದೀನಿ ಅಂತಾಳೆ, ಕದ್ದು ಕುಡೀತಾಳೆ ಅಂತ ನಾನೇ ಇಡೀ ಬೀದಿಗೆ ಹೇಳಿದ್ದೀನಿ. ದಿನಾ ಅವಳ ಮನೆಯಿಂದಲೇ ಹೆಪ್ಪು ತರ್ತೀನಿ, ನಿಜ. ಹಾಗಂತ ಸುಮ್ಮನಿರೋದಕ್ಕಾಗುತ್ತಾ? ಅರಮನೆ ಹಿಂಬಾಗಿಲಲ್ಲಿ ವಾರಕ್ಕೊಂದು ಮೂಟೆ ಅವನ ಉಪ್ಪು ಇಳೀತಿತ್ತು. ಅಷ್ಟು ಉಪ್ಪು ಯಾರು ತಿಂತಾರೆ? ಅಳೆದು ತಗೊಳ್ಳೋಳು ರಾಜಕುಮಾರಿಯೇ! ಅದನ್ನೂ ಹೇಳಿದೆ.

ತಬಿತಮ್ಮ ಮಗನ ಕಾಲು ಹಿಡಿದಳು, "ಬೇಡವೋ, ಇರೋನು ನೀನೊಬ್ಬ." ಅವನು ಕೇಳಲಿಲ್ಲ. ನಾನು ಅರಮನೆಯ ಕಂಬದ ಹಿಂದೆ ನಿಂತೆ.

ಅರಸರು ಅದೇ ಒಗಟು ಹಾಕಿದರು. ಯೋತಾಮ ಕೈಮುಗಿದು ಅಂದ: "ತಾಯಿಯ ಮೊಲೆಹಾಲು, ಬುದ್ಧೀ. ಕೂಸು ಅದನ್ನು ಗಳಿಸೋದಿಲ್ಲ. ಆದರೆ ಚೀಪಬೇಕು." ಅರಸರ ಮೀಸೆ ಅಲ್ಲಾಡಿತು.

ರಾಣಿ ಕೇಳಿದಳು: "ಹೊರಗಿಂದ ಬರುತ್ತದೆ, ಚೂರೇ ಚೂರು. ಬಿದ್ದದ್ದು ಕಾಣೋದಿಲ್ಲ. ಆದರೆ ಬೆಳಗಾಗೋದರೊಳಗೆ ಒಳಗಿನದೆಲ್ಲ ಬದಲಾಗದಿದ್ದರೆ ಬಿದ್ದೇ ಇಲ್ಲ ಅಂತ ಲೆಕ್ಕ."

"ಹೆಪ್ಪು, ತಾಯೀ. ಹಾಲು ತನ್ನಷ್ಟಕ್ಕೆ ತಾನು ಮೊಸರಾಗೋದಿಲ್ಲ. ಹೆಪ್ಪು ಬಿದ್ದೂ ಹಾಲು ಹಾಲಾಗೇ ಇದ್ದರೆ ಯಾರು ನಂಬ್ತಾರೆ?"

ಕೃಪೆ ಮೊದಲು ಅಂತ ಅರಸರು ಹಿಗ್ಗಿದರು, ಕ್ರಿಯೆ ಬೇಕೇ ಬೇಕು ಅಂತ ರಾಣಿ ಹಿಗ್ಗಿದಳು. ಆ ಖುಷಿಯಲ್ಲೇ ಮತ್ತೆ ಕಚ್ಚಾಡಲು ಹೊರಟರು!

ಆಗ ನೊವೊಮಿ ಎದ್ದಳು. "ಒಂದೇ ಎಲೆಯ ಮುಂದೆ ಇಬ್ಬರು ಕಿತ್ತಾಡ್ತಾರೆ. ಒಬ್ಬರು ಬಡಿಸಿದವನು ದೊಡ್ಡವನು ಅಂತಾರೆ, ಇನ್ನೊಬ್ಬರು ಕೈ ತೊಳೆದು ಬಂದವನು ದೊಡ್ಡವನು ಅಂತಾರೆ. ನಡುವೆ ಹಸಿದು ಎದ್ದು ಹೋಗೋದು ಯಾವುದು?"

"ಆತ್ಮ!" ಅಂತ ನೆರೆದವರಲ್ಲಿ ಗುಸುಗುಸು. ಯೋತಾಮ ರಾಜಕುಮಾರಿಯ ಕಡೆ ತಿರುಗಿದ. ಶೂಲ ಕಿಟಕಿಯಾಚೆ ಕಾಣುತ್ತಿತ್ತು.

"ಆತ್ಮ ಅಲ್ಲಮ್ಮಾ. ನಿಮ್ಮ ಮನೆಯಲ್ಲಿ ನೀವು. ನಮ್ಮ ಮನೆಯಲ್ಲಿ ನಾನು."

ಅರಸರು, ರಾಣಿ, ಇಬ್ಬರ ಬಾಯೂ ಮುಚ್ಚಿತು. ರಾಣಿ ಮೆಲ್ಲಗೆ, "ಊಟ ಆಯ್ತೇನೆ ಮಗಾ?" ಅಂದಳು. "ನೀನಿದನ್ನು ಕೇಳಿ ಎಷ್ಟೋ ವರ್ಷವಾಯ್ತಮ್ಮಾ" ಅಂದಳು ಮಗಳು.

ಮದುವೆ ಗೊತ್ತಾಯಿತು. ಅರ್ಧ ರಾಜ್ಯ ಆಮೇಲಾಗಲಿ, ಮೊದಲು ಸೆರೆಯವರನ್ನು ಬಿಡಿ ಅಂದ ಯೋತಾಮ. ಬಿಟ್ಟರು. ಹೊಸಿಲು ದಾಟಿದ್ದೇ ತಡ, "ನಾನು ನಂಬಿದ್ದೆ, ಅದಕ್ಕೇ ಬಿಡುಗಡೆ" ಅಂದ ಸ್ತೆಫನಪ್ಪ. "ನಾನು ಸೆರೆಮನೆ ಗುಡಿಸಿದ್ದೆ, ಅದಕ್ಕೇ" ಅಂದ ಹೀರಾಮ. ಬಡಕೋಬೇಕು ಇವರಿಗೆ!

ಸಂಜೆ ಬಟ್ಟಲು ಹಿಡಿದು ತಬಿತಮ್ಮನ ಬಾಗಿಲಿಗೆ ಹೋದೆ. "ನಿನ್ನ ಮಗ ಗೆದ್ದದ್ದು ನಂಬಿಕೆಯಿಂದಲೋ ಕ್ರಿಯೆಯಿಂದಲೋ, ಇಲ್ಲಾ ಹಿಂಬಾಗಿಲಿನ ಉಪ್ಪಿನಿಂದಲೋ?" ಅಂತ ನಗುತ್ತಲೇ ಕೇಳಿದೆ, ನೋಡು. ಕಾಫಿಯ ಮಾತು, ಉಪ್ಪಿನ ಮಾತು ಎಲ್ಲ ಅವಳ ಕಿವಿಗೆ ಬಿದ್ದಿತ್ತು ಅಂತ ಕಾಣುತ್ತೆ. ಆದರೂ ಬಟ್ಟಲಿಗೆ ಹೆಪ್ಪು ಹಾಕಿ ಕೈಗೆ ಕೊಟ್ಟಳು. ಕೊಟ್ಟು, ನನ್ನ ಮುಖಕ್ಕೇ ಅಂದಳು:

"ಇಷ್ಟು ವರ್ಷ ನಮ್ಮನೆ ಹೆಪ್ಪು ಒಯ್ದೆಯಲ್ಲಕ್ಕಾ. ನಿನ್ನ ಹಾಲಿಗೆ ಹತ್ತಿತು, ನಿನಗೇ ಹತ್ತಲಿಲ್ಲ."