ಮುಚ್ಚಳ ಹಾಕಿ ತೆಗೆದ ಫೋಟೋ

ಮಲಪ್ರಭೆಯ ದಂಡೆಯಲ್ಲಿ ಒಂದು ಬೀಜ ಸಂಶೋಧನಾ ಕೇಂದ್ರ. ಅದರ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಆ ಕೋಣೆಯಲ್ಲಿ ಹೇರೂರ ಸರ್ ಗುರು, ಬನಶ್ರೀ ಶಿಷ್ಯೆ.

ಬನಶ್ರೀಗೆ ಇದ್ದದ್ದು ಒಂದೇ ಪ್ರಶ್ನೆ. ಮೊಳೆಯುವ ಹೆಸರುಕಾಳು ಬೆಳಕು ಕೊಡುತ್ತದೆಯೇ?

ಕೊಟ್ಟರೂ ಅದು ಕಣ್ಣಿಗೆ ಕಾಣುವಷ್ಟಲ್ಲ. ಅದನ್ನು ಹಿಡಿಯಲು ಶೀತಲ ಸಿಸಿಡಿ ಕ್ಯಾಮೆರಾ ಬೇಕು. ಕ್ಯಾಮೆರಾದೊಳಗಿನ ಚಿಪ್ ತನ್ನ ಬಿಸಿಯನ್ನೇ ಬೆಳಕೆಂದು ಎಣಿಸಿಬಿಡುತ್ತದೆ. ಅದಕ್ಕೇ ಅದನ್ನು ಮಂಜುಗಡ್ಡೆಗಿಂತ ತಣ್ಣಗೆ ಇಡುತ್ತಾರೆ.

ಪರೀಕ್ಷೆಗೆಂದು ಎರಡು ಕ್ಯಾಮೆರಾ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಬೇಕಿತ್ತು. ಬನಶ್ರೀ ಎರಡರ ಗುಣಗಳನ್ನೂ ಪಟ್ಟಿ ಮಾಡಿ ತಂದಳು. ಪಟ್ಟಿ ನಾಲ್ಕು ಪುಟವಿತ್ತು.

"ಸರ್, ಮೊದಲನೇದಕ್ಕ ಮೆಗಾಪಿಕ್ಸೆಲ್ ಜಾಸ್ತಿ ಅದಾವ್ರಿ. ಅದನ್ನ ಇಟ್ಕೊಳ್ಳೂಣೇನ್ರಿ?"

ಸರ್ ಪಟ್ಟಿಯನ್ನು ಪೂರ್ತಿ ಓದಿದರು. ಆಮೇಲೆ ಮಡಚಿ, ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಮೇಜು ನಿಂತಿತು.

"ಎರಡಕ್ಕೂ ಮುಚ್ಚಳ ಹಾಕು. ಫೋಟೋ ತಗೀ."

"ಮುಚ್ಚಳ ಹಾಕಿದ್ರ ಏನ್ ಕಾಣತೈತ್ರಿ?"

"ಅದನ್ನ ನೋಡಬೇಕಾಗೇತಿ."

ಒಂದೊಂದು ಫೋಟೋಗೆ ಇಪ್ಪತ್ತು ನಿಮಿಷ. ಮೊದಲ ಕ್ಯಾಮೆರಾದ ಫೋಟೋದಲ್ಲಿ ಚುಕ್ಕಿ ತುಂಬಿದ ಆಕಾಶ. ಎರಡನೆಯದರಲ್ಲಿ ಬರೀ ಕಪ್ಪು.

"ಎಷ್ಟ ಚಂದ ಐತ್ರಿ ಸರ್," ಎಂದಳು ಬನಶ್ರೀ, ಆಕಾಶವನ್ನು ತೋರಿಸಿ.

"ಭಾಳ ಚಂದ ಐತಿ. ಮುಚ್ಚಳದೊಳಗ ಚುಕ್ಕಿ ಮೂಡಸತೈತಿ. ಅದನ್ನ ವಾಪಸ್ ಕಳಸು."

ಹಾಗೆ ಎರಡನೆಯದು ಉಳಿಯಿತು.

"ಇನ್ನ ಮ್ಯಾಲ ಕಾಳಿಂದೊಂದು ಫೋಟೋ, ಹಿಂದನ ಮುಚ್ಚಳದ್ದೊಂದು," ಎಂದರು ಸರ್. "ಅದರಾಗ ಇದನ್ನ ಕಳದು ಏನ್ ಉಳೀತೈತಿ, ಅದು ಕಾಳಿನ ಬೆಳಕು."

"ಏನೂ ಉಳೀಲಿಲ್ಲಂದ್ರ?"

"ಏನೂ ಉಳೀಲಿಲ್ಲಂತ ಬರಿ."

ಡಿಸೆಂಬರ್ ಪೂರ್ತಿ ಅವಳು ಹಾಗೇ ಮಾಡಿದಳು. ಏನೂ ಉಳಿಯಲಿಲ್ಲ. ಏನೂ ಉಳಿಯಲಿಲ್ಲವೆಂದು ಬರೆದಳು.

ಮುಚ್ಚಳದ ಫೋಟೋ ದಿನವೂ ಒಂದೇ ತರಹ ಬರುತ್ತಿತ್ತು. ಜನವರಿಯ ನಡುವೆ ಅವಳು ಅದನ್ನು ತೆಗೆಯುವುದು ಬಿಟ್ಟಳು. ಅಲ್ಲಿಯವರೆಗಿನದರಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿ, ಎಲ್ಲದರಿಂದಲೂ ಅದನ್ನೇ ಕಳೆಯತೊಡಗಿದಳು. ಉಳಿದ ಹೊತ್ತಿನಲ್ಲಿ ಎರಡು ಪಟ್ಟು ಕಾಳುಗಳ ಫೋಟೋ ಆಯಿತು.

ಸರ್‌ಗೆ ಇದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಹೇಳುವಂಥ ಸಂಗತಿ ಅನಿಸಲಿಲ್ಲ.

ಶಿವರಾತ್ರಿ ಬಂತು. ಚಳಿ ಶಿವ ಶಿವ ಅಂತ ಹೋಯಿತು. ಅದೇ ವಾರ ಕೋಣೆಯ ಎಸಿ ಕೆಟ್ಟಿತು. ಮೆಕ್ಯಾನಿಕ್ ನಾಳೆ ಬರುತ್ತೇನೆಂದ. ನಾಳೆಗಳು ಕಳೆದವು. ಬನಶ್ರೀ ಟೇಬಲ್ ಫ್ಯಾನ್ ಇಟ್ಟುಕೊಂಡು, ಓಢಣಿಯನ್ನು ಸೊಂಟಕ್ಕೆ ಬಿಗಿದು ಕೆಲಸ ಮಾಡಿದಳು.

ಆಗ ಕಾಳುಗಳು ಬೆಳಗತೊಡಗಿದವು.

ಮೊದಲು ಇದೆಯೋ ಇಲ್ಲವೋ ಅನ್ನುವಷ್ಟು. ಆಮೇಲೆ ವಾರ ವಾರಕ್ಕೂ ಹೆಚ್ಚು. ಯುಗಾದಿಯ ಹೊತ್ತಿಗೆ ಅವಳ ಗ್ರಾಫಿನ ಗೆರೆ ಮೆಟ್ಟಿಲು ಹತ್ತಿದಂತೆ ಹತ್ತಿತ್ತು. ಮೂರು ವರ್ಷ ಕಾದಿದ್ದ ಉತ್ತರ ಅದು. ಧಾರವಾಡದ ಒಂದು ವಿಚಾರಗೋಷ್ಠಿಗೆ ಪ್ರಬಂಧ ಕಳಿಸಿದಳು, ಒಪ್ಪಿಗೆಯಾಯಿತು. ಶುಕ್ರವಾರ ಓದಬೇಕಿತ್ತು.

ಸೋಮವಾರ ಅವಳು ಗ್ರಾಫನ್ನೂ ಅಮೀನಗಡದ ಕರದಂಟಿನ ಡಬ್ಬಿಯನ್ನೂ ಹಿಡಿದು ಬಂದಳು.

"ಸರ್, ಬಾಯಿ ತಗೀರಿ. ಕಾಳು ಬೆಳಗಿದ್ವು!"

ಸರ್ ಗ್ರಾಫ್ ನೋಡಿದರು. ಬಹಳ ಹೊತ್ತು ನೋಡಿದರು. ಟವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ಡಬ್ಬಿಯನ್ನು ಬಿಚ್ಚದೆ ಬದಿಗಿಟ್ಟರು.

"ಕರದಂಟು ನನ್ನ ಹಲ್ಲಿಗೆ ಇಪ್ಪತ್ತು ನಿಮಿಷದ ಕೆಲಸ. ಮೊದಲ ಒಂದು ಮಾಡು. ಕಾಳು ತಗದು ಖಾಲಿ ತಟ್ಟಿದೊಂದು ಫೋಟೋ ತಗೀ."

"ಖಾಲಿ ತಟ್ಟ್ಯಾಗ ಏನೈತ್ರಿ?"

"ಪಾಪ, ನಾಕು ತಿಂಗಳು ದುಡದಾವು ಕಾಳು. ಇವತ್ತೊಂದಿನ ಸೂಟಿ ಕೊಡು."

ಫೋಟೋ ಆಗುವವರೆಗೆ ಇಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತರು. ಹೊಳೆ ಬತ್ತಿ ಮರಳು ಕಾಣುತ್ತಿತ್ತು. ಸರ್ ಕಾಳಿನ ಮಾತೆತ್ತಲಿಲ್ಲ. ಹಾಸ್ಟೆಲ್ಲಿನಲ್ಲಿ ಶೇಂಗಾ ಚಟ್ನಿ ಈಗಲಾದರೂ ಸರಿಯಾಗಿ ಮಾಡುತ್ತಾರೋ ಎಂದು ಕೇಳಿದರು.

ಒಳಗೆ ಬಂದು ಬನಶ್ರೀ ಜನವರಿಯ ಮುಚ್ಚಳದ ಫೋಟೋವನ್ನು ಕಳೆದಳು. ಪರದೆಯ ಮೇಲೆ ಬೆಳಕು ಮೂಡಿತು. ಕಾಳಿದ್ದಾಗ ಇದ್ದಷ್ಟೇ. ಒಂದು ಗುಲಗಂಜಿಯೂ ಕಡಿಮೆಯಿಲ್ಲ.

"ಸರ್..."

"ಹೂಂ."

"ಕಾಳಿಲ್ರಿ."

"ಹೂಂ."

"ಬೆಳಕೈತ್ರಿ."

ಸರ್ ಅವಳ ದಾಖಲೆ ಪುಸ್ತಕ ಎಳೆದುಕೊಂಡರು. ಕ್ಯಾಮೆರಾ ಚಿಪ್‌ನ ತಾಪಮಾನಕ್ಕೆ ಒಂದು ಸಾಲು ಇತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ದುಂಡಗಿನ ಅಕ್ಷರದಲ್ಲಿ, ಮೈನಸ್ ನಲವತ್ತು, ಮೈನಸ್ ನಲವತ್ತು.

"ಇದನ್ನ ಏನ್ ನೋಡಿ ಬರದಿ?"

"ಅಷ್ಟಕ್ಕ ಸೆಟ್ ಮಾಡಿದ್ನೆಲ್ರಿ ಸರ್."

"ನೀ ಕೇಳಿದ್ದು ಬರದಿ. ಅದು ಕೊಟ್ಟದ್ದು ಎಲ್ಲೈತಿ?"

ಪರದೆಯ ಮೂಲೆಯಲ್ಲಿ ಒಂದು ಸಣ್ಣ ಅಂಕಿ ಇತ್ತು. ಎಷ್ಟೋ ದಿನದಿಂದ ಅವಳು ಅದರತ್ತ ಕಣ್ಣು ಹಾಯಿಸಿರಲಿಲ್ಲ. ಮೈನಸ್ ಇಪ್ಪತ್ತೇಳು.

ಬನಶ್ರೀಗೆ ಒಂದೊಂದಾಗಿ ತಿಳಿಯಿತು. ಕ್ಯಾಮೆರಾ ತನ್ನನ್ನು ಕೋಣೆಗಿಂತ ಇಂತಿಷ್ಟು ಡಿಗ್ರಿ ಮಾತ್ರ ತಣ್ಣಗೆ ಮಾಡಿಕೊಳ್ಳಬಲ್ಲದು. ಎಸಿ ಕೆಟ್ಟ ಮೇಲೆ ಕೋಣೆ ಕಾದಿತ್ತು. ಕೋಣೆಯ ಜೊತೆ ಚಿಪ್ ಕಾದಿತ್ತು. ಚಿಪ್ ಕಾದಷ್ಟೂ ಸುಳ್ಳು ಬೆಳಕು ಹೆಚ್ಚಿತ್ತು. ಜನವರಿಯ ಮುಚ್ಚಳಕ್ಕೆ ಏಪ್ರಿಲ್‌ನ ಬಿಸಿ ಗೊತ್ತಿರಲಿಲ್ಲ.

"ಏರಿದ್ದು ಕಾಳಲ್ರಿ ಸರ್," ಎಂದಳು ಮೆಲ್ಲಗೆ. "ಬ್ಯಾಸಿಗಿ."

"ಮಲಪ್ರಭಾ ದಂಡಿ ಬ್ಯಾಸಿಗಿನ ಇಷ್ಟು ಚಂದ ಯಾರೂ ಅಳದಿರಲಿಲ್ಲ ಬಿಡವ್ವಾ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ಮುಚ್ಚಳದ ಫೋಟೋ ನಾನ ಬಿಟ್ಟಿದ್ದೆ. ನಿಮಗ ಹೇಳಲಿಲ್ಲ."

"ನಾನೂ ಕೇಳಲಿಲ್ಲ. ಅದೂ ಬರಿ."

"ಪ್ರಬಂಧ ವಾಪಸ್ ತಗೋತೀನ್ರಿ."

"ಯಾಕ? ಹೋಗು. ಗ್ರಾಫ್ ತೋರಸು. ಅದರ ಹಿಂದ ಖಾಲಿ ತಟ್ಟಿ ಫೋಟೋನೂ ತೋರಸು."

"ಮಂದಿ ನಗ್ತಾರ್ರೀ!"

"ನಗಲಿ. ನಕ್ಕವರೊಳಗ ಇಬ್ಬರಾದ್ರೂ ತಮ್ಮ ಲ್ಯಾಬಿಗೆ ಹೋಗಿ ಮುಚ್ಚಳ ಹಾಕಿ ನೋಡತಾರ."

ಬನಶ್ರೀ ಓಢಣಿಯ ತುದಿಯಿಂದ ಮುಖ ಒರೆಸಿಕೊಂಡಳು.

"ನೀವೂ ಬರ್ತೀರೇನ್ರಿ?"

"ಮುಂದಿನ ಸಾಲಿನಾಗ ಕುಂದರತೀನಿ."

"ಮತ್ತ ಈ ಕರದಂಟು?"

"ನಮ್ಮ ಬೀಜದ ಗೋದಾಮಿನವರಿಗೆ ಕೊಡು. ಅವರ ಕಾಳು ಬೆಳಗದಿದ್ರೂ ಖರೇನ ಮೊಳತಾವ."

ಶುಕ್ರವಾರ ಅವಳು ಗ್ರಾಫ್ ತೋರಿಸಿದಳು. ಖಾಲಿ ತಟ್ಟೆಯನ್ನೂ ತೋರಿಸಿದಳು. ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ನಗದೆ, ಕೈ ಕಟ್ಟಿಕೊಂಡು, ಮೊದಲ ಸಲ ಕೇಳುವವರಂತೆ ಕೇಳುತ್ತಿದ್ದರು.

ಮರಳಿ ಬರುವ ದಾರಿಯಲ್ಲಿ ಸರ್ ಬಸ್ಸಿಳಿದು ಒಂದು ಡಬ್ಬಿ ಕರದಂಟು ಕೊಂಡರು. ತಂದು ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

"ಇದನ್ನ ಯಾವಾಗ ತಿನ್ನೂದ್ರಿ?"

"ಲಗೂನ ಕೆಡೂದಿಲ್ಲ ಅದು. ಇರಲಿ."

ಮರುದಿನ ಸರ್ ಕ್ಯಾಮೆರಾವನ್ನು ಮೈನಸ್ ಇಪ್ಪತ್ತಕ್ಕೆ ಇಡಿಸಿದರು.

"ಇಷ್ಟ ತಂಪು ಸಾಕೇನ್ರಿ ಸರ್?"

"ಅದು ಮುಟ್ಟಲಾರದ ತಂಪು ಕೇಳಬ್ಯಾಡ. ವರ್ಷ ಪೂರ್ತಿ ನಿಂದರುವಂಥ ತಂಪು ಕೇಳು."

ಬನಶ್ರೀ ಮತ್ತೆ ಮೊದಲಿನಿಂದ ಶುರುಮಾಡಿದಳು. ಕಾಳಿನದೊಂದು, ಮುಚ್ಚಳದ್ದೊಂದು. ತಾಪಮಾನದ ಸಾಲನ್ನು ಎರಡು ಮಾಡಿದಳು. ಒಂದರಲ್ಲಿ ಕೇಳಿದ್ದು, ಇನ್ನೊಂದರಲ್ಲಿ ಕೊಟ್ಟದ್ದು. ತಟ್ಟೆಯ ಅರ್ಧಕ್ಕೆ ಮಾತ್ರ ಕಾಳು ಹಾಕಿ, ಇನ್ನರ್ಧ ಖಾಲಿ ಬಿಟ್ಟಳು.

ಏಪ್ರಿಲ್ ಹೋಯಿತು. ಮೇ ಹೋಯಿತು. ಪುಸ್ತಕದಲ್ಲಿ ಸಾಲು ಸಾಲಾಗಿ ಒಂದೇ ಮಾತು: ಏನೂ ಉಳಿಯಲಿಲ್ಲ.

ಜೂನ್‌ನಲ್ಲಿ ಮಿರಗದ ಮಳೆ ಕೂಡಿತು. ಹೊಳೆಗೆ ಕೆಂಪು ನೀರು ಬಂತು. ಹೊಸ ಬೀಜದ ಕಾಳು ನೆನೆಸಿ ಅವಳು ಫೋಟೋ ತೆಗೆದಳು.

ತಟ್ಟೆಯ ಖಾಲಿ ಅರ್ಧ ಕಪ್ಪಗಿತ್ತು. ಕಾಳಿದ್ದ ಅರ್ಧ ಅಷ್ಟು ಕಪ್ಪಗಿರಲಿಲ್ಲ.

 ಅವ್ವನಿಗೆ ಹೇಳಬೇಕೆಂದು ಬನಶ್ರೀಯ ಕೈ ಫೋನಿನತ್ತ ಹೋಯಿತು. ನಡುವೆ ನಿಂತಿತು. ಆಮೇಲೆ ಮುಚ್ಚಳದತ್ತ ಹೋಯಿತು.

ಅಷ್ಟರಲ್ಲಿ ಸರ್ ಕೊಡೆ ಜಾಡಿಸುತ್ತ ಬಂದರು. ಅವಳ ಮುಖ ನೋಡಿದರು.

"ಏನವ್ವಾ? ಬೆಳಗಿದ್ವೇನು?"

"ಗೊತ್ತಿಲ್ರಿ ಸರ್," ಎಂದಳು ಬನಶ್ರೀ. "ಈಗ ಮುಚ್ಚಳ ಹಾಕೀನಿ. ಇನ್ನ ಇಪ್ಪತ್ತು ನಿಮಿಷ ಐತಿ."

ಸರ್ ಜೇಬಿನಿಂದ ಕಪಾಟಿನ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು.

"ಹಂಗಾದ್ರ ಕರದಂಟು ತಾರವ್ವಾ. ಅಲ್ಲೀತನ ತಿನ್ನೂಣು."