ಹೊನ್ನಿಯ ತುತ್ತು

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಪೂಜೆ ಬೇಗ ಮುಗಿಯುತ್ತಿತ್ತು. ಊಟಕ್ಕೇ ಹೊತ್ತು ಹಿಡಿಯುತ್ತಿತ್ತು.

ಅಲ್ಲಿದ್ದವರು ಯಾರಿಗೂ ಬೇಡವಾದ ಮಕ್ಕಳು. ಒಂದಕ್ಕೆ ಕತ್ತು ನಿಲ್ಲದು, ಇನ್ನೊಂದಕ್ಕೆ ಕಣ್ಣು ಕಾಣದು, ಮತ್ತೊಂದರ ಹೃದಯದಲ್ಲಿ ಹುಟ್ಟಿನಿಂದಲೇ ತೂತು. ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯ ವರಾಂಡದಲ್ಲೋ ಬಿಟ್ಟುಹೋದವರು ಮತ್ತೆ ಬಂದಿರಲಿಲ್ಲ. ಗುರು ಶಂಭಯ್ಯನವರು ಆ ಮಕ್ಕಳನ್ನು ತಂದು ಸಾಕುತ್ತಿದ್ದರು.

ಶಿಷ್ಯ ವಾಮದೇವ ಬಂದದ್ದು ಶಾಸ್ತ್ರ ಕಲಿಯಲು. ಗುರುಗಳು ಅವನ ಕೈಗೆ ಗಂಜಿಯ ಬಟ್ಟಲು ಕೊಟ್ಟು ಹೊನ್ನಿಯ ಬಳಿ ಕಳಿಸಿದರು.

ಹೊನ್ನಿಗೆ ಆರು ವರ್ಷ. ನೋಡಿದರೆ ಮೂರರ ಕೂಸು. ಮಾತಿಲ್ಲ, ಕತ್ತಿನಲ್ಲಿ ಬಲವಿಲ್ಲ. ಬೇರೆ ಮಕ್ಕಳು ಉಂಡು ಕೈ ತೊಳೆದರೂ ಅವಳ ಬಾಯಿಯಲ್ಲಿ ಮೊದಲ ತುತ್ತೇ ಇರುತ್ತಿತ್ತು.

ವಾಮದೇವ ಬಹಳ ಶ್ರದ್ಧೆಯವನು. ಈ ಮಕ್ಕಳೇ ದೇವರು ಎಂದು ಗುರುಗಳು ಯಾವಾಗಲೋ ಹೇಳಿದ್ದರು. ಅವನು ಅದನ್ನು ಹಾಗೆಯೇ ಪಾಲಿಸಿದ. ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು, ಹೊನ್ನಿಯನ್ನು ದಿಂಬಿಗೆ ಒರಗಿಸಿ, ನೈವೇದ್ಯಕ್ಕೆ ಮಾಡುವ ಹಾಗೆ ಬಟ್ಟಲಿನ ಸುತ್ತ ನೀರು ಹನಿಸುತ್ತಿದ್ದ. ದೇವರು ಉಣ್ಣುವುದನ್ನು ನೋಡಬಾರದೆಂದು ಕಣ್ಣು ಮುಚ್ಚುತ್ತಿದ್ದ. ಪ್ರಾಣಾಯ ಸ್ವಾಹಾ ಎಂದು ಒಂದು ಚಮಚ, ಅಪಾನಾಯ ಸ್ವಾಹಾ ಎಂದು ಇನ್ನೊಂದು.

ಅಡುಗೆಯ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು, ಮಂಗಳಾರತಿ ಒಂದು ಬಾಕಿ ಉಳಿಯಿತಲ್ಲ ಸ್ವಾಮಿ ಎಂದು ನಗುತ್ತಿದ್ದಳು.

ಒಂದು ದಿನ ಗಂಜಿ ಶ್ವಾಸನಾಳಕ್ಕೆ ಹೋಯಿತು. ವಾಮದೇವ ಕಣ್ಣು ಬಿಟ್ಟಾಗ ಹೊನ್ನಿಯ ತುಟಿ ನೀಲಿಗಟ್ಟಿತ್ತು.

ಆಸ್ಪತ್ರೆ, ಜ್ವರ, ಮೂಗಿನಲ್ಲಿ ನಳಿಕೆ. ಹೇಗೋ ಬದುಕಿ ಬಂದಳು. ಕಳಿಸುವಾಗ ಡಾಕ್ಟರು ನಳಿಕೆ ತೆಗೆದು, ಬಾಯಿಂದ ಉಣಿಸುವ ರೀತಿಯನ್ನು ಗುರುಗಳಿಗೆ ತೋರಿಸಿಕೊಟ್ಟರು. ಇನ್ನೊಮ್ಮೆ ಹೀಗಾದರೆ ಈ ಎದೆ ತಡೆಯಲಾರದು ಎಂದೂ ಹೇಳಿದರು.

ಮರುದಿನ ಬೆಳಿಗ್ಗೆ ವಾಮದೇವ ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತ.

"ನಾನು ಹೋಗುತ್ತೇನೆ, ಗುರುಗಳೇ. ಹೋಗುವ ಮೊದಲು ಒಂದು ಪ್ರಾಯಶ್ಚಿತ್ತ ಹೇಳಿ. ಎಷ್ಟು ದಿನದ ಉಪವಾಸವಾದರೂ ಸರಿ."

"ಉಪವಾಸ ಎದ್ದಾಗಿನಿಂದ ಹೊನ್ನಿ ಮಾಡುತ್ತಿದ್ದಾಳೆ. ಹೋಗಿ ಗಂಜಿ ತಾ."

ಅವನು ತಂದ.

ಗುರುಗಳು ಅವನನ್ನು ಕೂರಿಸಿದರು. ತಲೆಯನ್ನು ಹಿಂದಕ್ಕೆ ವಾಲಿಸಿದರು. ತಾವು ಕಣ್ಣು ಮುಚ್ಚಿಕೊಂಡು ಅವನ ಬಾಯಿಗೆ ಒಂದು ಚಮಚ ಗಂಜಿ ಸುರಿದರು. ಅವನು ನುಂಗುವ ಮೊದಲೇ ಇನ್ನೊಂದು.

ವಾಮದೇವನಿಗೆ ಕೆಮ್ಮು ಬಂತು. ಗಂಜಿ ನೆತ್ತಿಗೇರಿ ಗುರುಗಳ ಗಡ್ಡದ ಮೇಲೆಲ್ಲ ಸಿಡಿಯಿತು. ಅವರು ಕಣ್ಣು ತೆರೆಯಲಿಲ್ಲ. ಮತ್ತೊಂದು ಚಮಚ ಎತ್ತಿದರು.

ಅವನು ಅವರ ಕೈ ಹಿಡಿದುಕೊಂಡ.

"ನೀನು ಕೈ ಹಿಡಿದೆ," ಎಂದರು ಗುರುಗಳು. "ಅವಳ ಕೈಗೆ ಆ ಶಕ್ತಿ ಇಲ್ಲ."

ವಾಮದೇವ ಅತ್ತುಬಿಟ್ಟ. "ದೇವರೆಂದೇ ತಿಳಿದು ಉಣಿಸಿದೆ, ಗುರುಗಳೇ."

"ಗೊತ್ತು. ಹಾಗೆಂದು ಹೇಳಿ ಸುಮ್ಮನಾದವನು ನಾನು. ಒಂದು ದಿನವೂ ಬಂದು ನೋಡಲಿಲ್ಲ." ಗುರುಗಳು ಗಡ್ಡ ಒರೆಸಿಕೊಂಡರು. "ದೇವರಿಗೆ ಕೆಮ್ಮು ಬರುವುದಿಲ್ಲ, ಅಪ್ಪಾ."

"ಹಾಗಾದರೆ ಇವಳು ದೇವರಲ್ಲವೇ?"

"ಇವಳು ಹೊನ್ನಿ. ಸದ್ಯಕ್ಕೆ ಅಷ್ಟು ಸಾಕು."

ಗುರುಗಳು ಹೊನ್ನಿಯನ್ನು ಎತ್ತಿ ತಂದು ಅವನ ತೊಡೆಯ ಮೇಲೆ ನೆಟ್ಟಗೆ ಕೂರಿಸಿದರು. ಅವನ ತೋಳನ್ನು ಅವಳ ಕತ್ತಿನ ಹಿಂದೆ ಆನಿಸಿದರು. ಗಲ್ಲವನ್ನು ತುಸು ಕೆಳಕ್ಕೆ ತಂದರು.

"ನನ್ನಿಂದಾಗದು. ಕೈ ನಡುಗುತ್ತಿದೆ."

"ನಡುಗಲಿ. ಅರ್ಧ ಚಮಚ ತಗೋ, ಚೆಲ್ಲುವುದಿಲ್ಲ."

ಗಂಜಿ ಮಂದವಾಗಿತ್ತು. ಅವನು ಅದನ್ನು ಅವಳ ನಾಲಿಗೆಯ ಮೇಲೆ ಇಟ್ಟ. ಅಭ್ಯಾಸಬಲದಿಂದ ತುಟಿ ಮಂತ್ರಕ್ಕೆ ಅಲುಗಿತು, ನಿಂತಿತು. ಕಣ್ಣು ಅವಳ ಗಂಟಲ ಮೇಲೆಯೇ ಇತ್ತು.

ಗಂಟಲು ಅಲುಗಲಿಲ್ಲ.

"ಎಷ್ಟು ಹೊತ್ತು ಕಾಯಬೇಕು, ಗುರುಗಳೇ?"

"ಅವಳನ್ನು ಕೇಳು."

ಅವನು ಬಗ್ಗಿ ಅವಳ ಮುಖ ನೋಡಿದ. ಎಡ ಹುಬ್ಬಿನಲ್ಲಿ ಒಂದು ಸಣ್ಣ ಮಚ್ಚೆ ಇತ್ತು. ಇಷ್ಟು ದಿನ ಉಣಿಸಿದರೂ ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಹೊನ್ನೀ," ಎಂದ ಮೆಲ್ಲಗೆ. "ನುಂಗೇ ತಾಯಿ."

ಗಂಟಲು ಏರಿತು, ಇಳಿಯಿತು.

ಅವನು ಇನ್ನೊಂದು ಚಮಚ ಇಟ್ಟ. ಕಾದ. ಅದೂ ಇಳಿಯಿತು.

ನಡುವೆ ಒಮ್ಮೆ ಅವಳು ಕೆಮ್ಮಿದಳು. ವಾಮದೇವನ ಕೈಯಿಂದ ಚಮಚ ಜಾರಿತು. ಗುರುಗಳು ಏಳಲಿಲ್ಲ, ಮುಂದಕ್ಕೆ ಬಾಗಿಸು ಎಂದಷ್ಟೇ ಹೇಳಿದರು. ಬಾಗಿಸಿದ. ಕೆಮ್ಮು ತಾನಾಗಿ ನಿಂತಿತು. ತುಟಿಯ ಬಣ್ಣ ಬದಲಾಗಲಿಲ್ಲ. ಉಸಿರು ಸಮವಾಗುವವರೆಗೂ ಅವನು ಬಟ್ಟಲು ಮುಟ್ಟಲಿಲ್ಲ.

ಸ್ವಲ್ಪ ಹೊತ್ತಿಗೆ ಹೊನ್ನಿ ನಾಲಿಗೆಯಿಂದ ತುಟಿ ಸವರಿಕೊಂಡು, ತಾನೇ ಬಾಯಿ ತೆರೆದಳು.

ವಾಮದೇವ ಗುರುಗಳತ್ತ ನೋಡಿದ. "ಇನ್ನೂ ಬೇಕೆಂದು ಕೇಳುತ್ತಿದ್ದಾಳೆ."

"ನನ್ನನ್ನು ಯಾಕೆ ನೋಡುತ್ತೀ? ಕೇಳಿದ್ದು ನಿನ್ನನ್ನು."

ಬಿಸಿಲು ಹೊಳೆಯ ಮೆಟ್ಟಿಲಿಂದ ಅಂಗಳಕ್ಕೆ ಬರುವ ಹೊತ್ತಿಗೆ ಬಟ್ಟಲಿನ ತಳ ಕಂಡಿತು. ಹೊನ್ನಿ ನಿಶ್ಚಿಂತೆಯಾಗಿ ಉಸಿರಾಡುತ್ತಿದ್ದಳು. ಬಾಗಿಲಲ್ಲಿದ್ದ ಪುಟ್ಟತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ನಾಳೆಗೆ ಇನ್ನಷ್ಟು ಮಂದ ಮಾಡಲೇ ಎಂದು ಕೇಳಿದಳು. ಇಷ್ಟೇ ಸಾಕು, ಹೀಗೇ ಇರಲಿ ಎಂದ ವಾಮದೇವ.

ಅವನಿಗೆ ಗುರುಗಳ ಪಾದ ಮುಟ್ಟಬೇಕೆನಿಸಿತು. ಹೊನ್ನಿಯನ್ನು ಚಾಪೆಯ ಮೇಲೆ ಮಲಗಿಸಿ ಏಳಲು ಹೊರಟ.

"ಕೂತಿರು," ಎಂದರು ಗುರುಗಳು. "ಉಂಡ ಮಗುವನ್ನು ಕೂಡಲೇ ಕೆಳಗಿಳಿಸಬಾರದು."