ಸಿನಿಮಾ ಕಡತ

ತಾಲ್ಲೂಕು ಕಚೇರೀಲಿ ಒಬ್ಬ ಗುಮಾಸ್ತ ಇದ್ದ. ರಿಟೈರ್ ಆಗಕ್ಕೆ ಇನ್ನೂ ಎರಡು ವರ್ಷ ಬಾಕಿ. ಮೊಣಕಾಲು ಮಾತ್ರ ಆಗಲೇ ರಿಟೈರ್ ಆಗಿತ್ತು.

ಒಂದು ಶುಕ್ರವಾರ ಬೆಳಗ್ಗೆ ಸಾಹೇಬರು ಕರೆದ್ರು. "ನೋಡ್ರೀ, ಇವತ್ತು ಬಿಡುಗಡೆಯಾದ ಸಿನಿಮಾ ಆಗಲೇ ಇಂಟರ್ನೆಟ್ಟಲ್ಲಿ ಪುಕ್ಕಟೆ ಬಂದಿದೆಯಂತೆ. ಆಫೀಸ್ ಕಂಪ್ಯೂಟರಲ್ಲಿ ಡೌನ್‌ಲೋಡ್ ಮಾಡಿ, ಐದು ಪೆನ್‌ಡ್ರೈವ್‌ಗೆ ಹಾಕಿಕೊಡಿ. ನಮ್ಮ ಮಾವನೋರ ಮನೆಯೋರಿಗೆ ಹಂಚಬೇಕು."

"ಅದು ಕಳ್ಳ ಕಾಪಿ ಸರ್. ಕಾನೂನು..."

"ಕಾನೂನು ನನಗೇ ಹೇಳ್ತೀರಾ? ಎಲ್ರೂ ಮಾಡೋದೇ ಅಲ್ವೇನ್ರೀ! ಆಗಲ್ಲ ಅಂದ್ರೆ ಗಡಿ ಕಡೆ ವರ್ಗ ಮಾಡಿಸ್ತೀನಿ."

ಮಾಡಿದ್ರೆ ಕೆಲಸ ಹೋಗುತ್ತೆ, ಮಾಡದಿದ್ರೆ ಊರು ಬಿಡಬೇಕು. ಗುಮಾಸ್ತ ಉಸ್ಸಪ್ಪಾ ಅಂತ ಕುರ್ಚೀಲಿ ಕೂತು, ಮೂವತ್ತು ವರ್ಷ ಮಾಡಿದ್ದನ್ನೇ ಮಾಡಿದ. ಹೊಸ ಕಡತ ತೆರೆದು, ನಂಬರ್ ಹಾಕಿ, ಟಿಪ್ಪಣಿ ಬರೆದು, ಬೇರೆ ಕಡತಗಳ ಜೊತೆ ಒಳಗೆ ಕಳಿಸಿದ.

ಸಾಹೇಬರು ಯಾವ ಕಡತವನ್ನೂ ಓದೋರಲ್ಲ. ಎಲ್ಲದರ ಮೇಲೂ "ಚರ್ಚಿಸಿ" ಅಂತ ಬರೆದು ಸಹಿ ಜಡಿಯೋರು. ಇದಕ್ಕೂ ಜಡಿದ್ರು. ಗುಮಾಸ್ತ ಚರ್ಚಿಸಕ್ಕೆ ಹೋಗಿ ಓದಿದ: "ವಿಷಯ: ಕಳ್ಳ ಸಿನಿಮಾ ಇಳಿಸಿ ಸಾಹೇಬರ ಮಾವನವರ ಮನೆಯವರಿಗೆ ಹಂಚುವ ಬಗ್ಗೆ."

ಸಾಹೇಬರು ಬೆವೆತುಹೋದ್ರು. "ಹರಿದು ಹಾಕ್ರೀ ಅದನ್ನ!"

"ನಂಬರ್ ಬಿದ್ದಿದೆ ಸರ್. ನಿಮ್ಮ ಸಹೀನೂ ಇದೆ."

"ಎಲ್ರೂ ಮಾಡ್ತಾರಲ್ರೀ!"

"ಮಾಡ್ತಾರೆ ಸರ್. ಸಹಿ ಯಾರೂ ಹಾಕಲ್ಲ."

ಸಾಹೇಬರು ಪೆನ್ನು ಕಿತ್ಕೊಂಡು ಗೀಚಿದ್ರು: "ಕಾನೂನುಬಾಹಿರ. ತಿರಸ್ಕರಿಸಿದೆ. ಕಡತ ಮುಕ್ತಾಯ." ಗುಮಾಸ್ತ ಅದನ್ನ ತನ್ನ ಬೀರೂಲಿಟ್ಟು ಬೀಗ ಹಾಕಿದ. ವರ್ಗದ ಮಾತು ಮತ್ತೆ ಬರಲಿಲ್ಲ. ಭಾನುವಾರ ಸಾಹೇಬರು ಮಾವನೋರ ಸಮೇತ ಟಾಕೀಸ್ ಕ್ಯೂನಲ್ಲಿ ನಿಂತಿದ್ರು.

ಆ ಕಚೇರೀಲಿ ತೆರೆದ ದಿನವೇ ಮುಗಿದ ಕಡತ ಇವತ್ತಿಗೂ ಅದೊಂದೇ.